ಬೆಳಕು ಬೇಕು, ಬಲಿ ಬೇಡ

ರಾಯಚೂರು ಜಿಲ್ಲೆಯವರಿಗೆ ವಿದ್ಯುತ್ತಿನ ಕಥೆ ಹೊಸದೇನಲ್ಲ. ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಉತ್ಪಾದನೆ ಆರಂಭಿಸಿದ ಉಷ್ಣ ವಿದ್ಯುತ್ ಸ್ಥಾವರ ಎಂಟು ಘಟಕಗಳಾಗಿ ಬೆಳೆದು 1720 ಮೆಗಾವ್ಯಾಟ್ ಸಾಮರ್ಥ್ಯ ಪಡೆಯಿತು. ಯರಮರಸ್‌ನಲ್ಲಿ ತಲಾ 800 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳು ಎದ್ದು ನಿಂತವು. ದಕ್ಷಿಣ ಭಾರತದ ವಿದ್ಯುತ್ ಜಾಲವು ದೇಶದ ಉಳಿದ ಜಾಲದೊಂದಿಗೆ ಕೂಡಿಕೊಂಡದ್ದೂ 2013ರ ಡಿಸೆಂಬರ್ 31ರಂದು, ರಾಯಚೂರು-ಸೋಲಾಪುರ ಮಾರ್ಗದ ಮೂಲಕವೇ. ಹೀಗೆ ನಾಡಿಗೆಲ್ಲ ಬೆಳಕು ಕಳುಹಿಸುವ ಜಿಲ್ಲೆ ನಮ್ಮದು. ಆದರೆ ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಸುಳ್ಳಲ್ಲ. ಬೇಸಿಗೆಯ ಒಂದು ಬಿರುಗಾಳಿಗೆ ಕಂಬ ವಾಲಿದರೆ ಸಾಕು, ಸಿರವಾರ, ಮಾನ್ವಿ, ದೇವದುರ್ಗದ ಓಣಿಗಳು ಗಂಟೆಗಟ್ಟಲೆ ಕತ್ತಲಲ್ಲಿ ಕೂರುತ್ತವೆ.

ಆಗ ನೆನಪಾಗುವುದೇ ಜನರೇಟರ್. ಇತ್ತೀಚೆಗೆ ಮನೆಗಳಿಗೆ ಇನ್ವರ್ಟರ್ ಬಂದಿದೆ, ನಿಜ. ಆದರೂ ಮದುವೆಯ ಶಾಮಿಯಾನ, ಹೊಲಿಗೆಯ ಅಂಗಡಿ, ಕೋಳಿ ಅಂಗಡಿ, ಝೆರಾಕ್ಸ್ ಅಂಗಡಿ, ಹೊಲದ ಮನೆ ಇವೆಲ್ಲ ಇನ್ನೂ ಈ ಸಣ್ಣ ಯಂತ್ರವನ್ನೇ ನಂಬಿವೆ. ಇಬ್ಬರು ಹೊತ್ತು ತರಬಹುದಾದ, ಹಗ್ಗ ಎಳೆದರೆ ಗುಡುಗುಡು ಎಂದು ಶುರುವಾಗುವ ಈ ಯಂತ್ರವನ್ನು ನಾವು ಗಂಡಸರ ವ್ಯವಹಾರವೆಂದು ಬಿಟ್ಟುಬಿಟ್ಟಿದ್ದೇವೆ. ತರುವವರು ಅವರು, ಎಣ್ಣೆ ಹಾಕುವವರು ಅವರು. ಆದರೆ ಯಂತ್ರ ಓಡುತ್ತಿರುವಾಗ ಮನೆಯೊಳಗೆ ಇರುವವರು ಯಾರು? ತೊಟ್ಟಿಲ ಮಗು, ಬಾಣಂತಿ, ಹಾಸಿಗೆ ಹಿಡಿದ ಅತ್ತೆ, ಅಡುಗೆಯಲ್ಲಿರುವ ಸೊಸೆ. ಅಪಾಯ ಬಂದರೆ ಮೊದಲು ತಟ್ಟುವುದು ಇವರನ್ನೇ. ಆದ್ದರಿಂದ ಈ ಯಂತ್ರದ ವಿಷಯ ಗೃಹಿಣಿಗೆ ಗೊತ್ತಿರಲೇಬೇಕು.

ಹೊರೆ ಎಂದರೇನು?

ಯಾರ ಮೇಲೂ ಅವರ ಶಕ್ತಿಗೆ ಮೀರಿದ ಹೊರೆ ಹೊರಿಸಬಾರದು ಎಂಬುದು ನಮ್ಮ ದೀನ್ ಕಲಿಸುವ ಮೂಲಪಾಠಗಳಲ್ಲೊಂದು. ಸೇವಕರ ವಿಷಯದಲ್ಲಿ, ಮೂಕಪ್ರಾಣಿಗಳ ವಿಷಯದಲ್ಲಿ ಪ್ರವಾದಿ(ಸ)ರು ಈ ಬಗ್ಗೆ ಎಷ್ಟೊಂದು ಎಚ್ಚರಿಸಿದ್ದಾರೆ! ಎತ್ತು ಬಸವಳಿದರೆ ನಿಂತುಬಿಡುತ್ತದೆ. ಯಂತ್ರ ಹಾಗಲ್ಲ. ಅದು ಒಳಗೊಳಗೇ ಸುಡುತ್ತಾ ಓಡುತ್ತದೆ, ಕೊನೆಗೆ ತನ್ನೊಂದಿಗೆ ಮನೆಯನ್ನೂ ಸುಡಬಹುದು.

ಜನರೇಟರಿನ ಮೈಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ಕೆ.ವಿ.ಎ. ಎಂದು ಬರೆದಿರುತ್ತದೆ. 2 ಕೆ.ವಿ.ಎ. ಎಂದರೆ 2000 ವ್ಯಾಟ್ ಎಂದು ಹಲವರು ತಿಳಿಯುತ್ತಾರೆ. ಸಾಮಾನ್ಯವಾಗಿ ಅದರ ನಿಜವಾದ ಶಕ್ತಿ ಹತ್ತರಲ್ಲಿ ಎಂಟು ಪಾಲು, ಅಂದರೆ ಸುಮಾರು 1600 ವ್ಯಾಟ್. ಪಟ್ಟಿಯಲ್ಲಿ ಎರಡು ಅಂಕಿಗಳಿದ್ದರೆ ದೊಡ್ಡದು ಕೆಲವೇ ನಿಮಿಷಗಳ ಗರಿಷ್ಠ ಶಕ್ತಿ, ಚಿಕ್ಕದು ಗಂಟೆಗಟ್ಟಲೆ ನಡೆಸಬಹುದಾದ ಶಕ್ತಿ. ಲೆಕ್ಕ ಹಾಕಬೇಕಾದದ್ದು ಚಿಕ್ಕದರ ಮೇಲೆ. ಅದರಲ್ಲೂ ಐದರಲ್ಲಿ ನಾಲ್ಕು ಪಾಲು ಮಾತ್ರ ಬಳಸಿ ಒಂದು ಪಾಲನ್ನು ಬಿಟ್ಟಿರಬೇಕು. 1600 ವ್ಯಾಟಿನ ಯಂತ್ರಕ್ಕೆ ಸುಮಾರು 1280 ವ್ಯಾಟ್ ಸಾಕು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು. ಸುಡುವ ಗಾಳಿಯಲ್ಲಿ ಎಂಜಿನ್ ತಣ್ಣಗಾಗುವುದಿಲ್ಲ, ಅದರ ಶಕ್ತಿಯೂ ಇಳಿಯುತ್ತದೆ.

ಈಗ ಮನೆಯ ಲೆಕ್ಕ ನೋಡೋಣ. ಸಾಧಾರಣ ಫ್ಯಾನ್ 75 ವ್ಯಾಟ್. ನಾಲ್ಕು ಫ್ಯಾನಿಗೆ 300. ಎಲ್‌ಇಡಿ ಬಲ್ಬು 9 ವ್ಯಾಟ್. ಆರಕ್ಕೆ 54. ಟಿವಿ 60. ಫ್ರಿಜ್ 150. ಒಟ್ಟು 564. ಇಷ್ಟೇನಾ ಎನಿಸುತ್ತದೆ. ಆದರೆ ಇಲ್ಲಿಯೇ ಮೋಸ ಹೋಗುವುದು. ಮೋಟಾರು ಇರುವ ಯಾವುದೇ ಉಪಕರಣ ಓಡುವಾಗ ಕಡಿಮೆ ಕೇಳುತ್ತದೆ, ಎದ್ದು ನಿಲ್ಲುವಾಗ ಹಲವು ಪಟ್ಟು ಕೇಳುತ್ತದೆ. ನಿಂತ ಗಾಡಿಯನ್ನು ದೂಡುವುದು ಕಷ್ಟ, ಓಡುವ ಗಾಡಿಯನ್ನು ದೂಡುವುದು ಸುಲಭವಲ್ಲವೇ? ಹಾಗೆಯೇ 150 ವ್ಯಾಟಿನ ಫ್ರಿಜ್ ಶುರುವಾಗುವ ಕ್ಷಣದಲ್ಲಿ 1000 ವ್ಯಾಟಿನವರೆಗೂ ಎಳೆಯಬಹುದು. ಉಳಿದ 414 ಸೇರಿ 1414. ಆದರೂ 1600ರೊಳಗೇ ಇದೆ, ನಡೆಯುತ್ತದೆ.

ಅದೇ ಹೊತ್ತಿಗೆ ಚಟ್ನಿಗೆಂದು 750 ವ್ಯಾಟಿನ ಮಿಕ್ಸಿ ತಿರುವಿದಿರೋ, ಲೆಕ್ಕ 2164ಕ್ಕೆ ಹೋಯಿತು! ಮಿಕ್ಸಿ ಬೇಕೆಂದರೆ ಐದು ನಿಮಿಷ ಫ್ರಿಜ್ ಬಂದ್ ಮಾಡಿ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ, 1500 ವ್ಯಾಟಿನ ಕೆಟಲ್, ನೀರು ಕಾಯಿಸುವ ರಾಡ್ ಇವುಗಳನ್ನು ಸಣ್ಣ ಜನರೇಟರಿಗೆ ಹಚ್ಚಲೇಬೇಡಿ. ಒಂದು ಎಚ್.ಪಿ. ನೀರಿನ ಮೋಟಾರು ಓಡುವಾಗ ಸುಮಾರು 1100 ವ್ಯಾಟ್ ಕೇಳಿದರೂ ಏಳುವಾಗ ಅದರ ನಾಲ್ಕೈದು ಪಟ್ಟು ಕೇಳುತ್ತದೆ. 2 ಕೆ.ವಿ.ಎ. ಯಂತ್ರ ಅದನ್ನು ಎಬ್ಬಿಸಲಾರದು.

ಹೊರೆ ಹೆಚ್ಚಿದಾಗ ಏನಾಗುತ್ತದೆ?

ಎಂಜಿನಿನ ವೇಗ ಇಳಿಯುತ್ತದೆ. ವೋಲ್ಟೇಜ್ ಕುಸಿಯುತ್ತದೆ. ಕುಸಿದ ವೋಲ್ಟೇಜಿನಲ್ಲಿ ಫ್ರಿಜ್ ಮತ್ತು ಮೋಟಾರುಗಳು ಹೆಚ್ಚು ಕರೆಂಟ್ ಎಳೆದು ಕಾಯುತ್ತವೆ, ಅವುಗಳ ಒಳಗಿನ ತಂತಿಯ ಲೇಪ ಕರಗುತ್ತದೆ. ಜನರೇಟರಿನ ಒಳತಂತಿಗೂ ಅದೇ ಗತಿ. ಎಷ್ಟೋ ಸಲ ಸುಟ್ಟ ಫ್ರಿಜ್ಜಿಗೆ ನಾವು ಕಂಪೆನಿಯನ್ನು ಬೈಯುತ್ತೇವೆ, ತಪ್ಪು ಜನರೇಟರಿನ ಹೊರೆಯದಾಗಿರುತ್ತದೆ.

ಯಂತ್ರ ಸುಮ್ಮನಿರುವುದಿಲ್ಲ, ಮೊದಲೇ ಹೇಳುತ್ತದೆ. ಅದರ ಸದ್ದು ಭಾರವಾಗುತ್ತದೆ, ನರಳಿದಂತೆ ಕೇಳುತ್ತದೆ. ಬಲ್ಬು ಮಂಕಾಗುತ್ತದೆ ಅಥವಾ ಮಿಣಮಿಣ ಎನ್ನುತ್ತದೆ. ಫ್ಯಾನ್ ನಿಧಾನವಾಗುತ್ತದೆ. ಹೊಗೆ ಕಪ್ಪಾಗುತ್ತದೆ. ಪ್ಲಗ್ಗು ಮುಟ್ಟಿದರೆ ಬಿಸಿ, ಪ್ಲಾಸ್ಟಿಕ್ ಸುಟ್ಟ ವಾಸನೆ. ಇವುಗಳಲ್ಲಿ ಒಂದು ಕಂಡರೂ ತಕ್ಷಣ ಒಂದೊಂದೇ ಉಪಕರಣ ಬಂದ್ ಮಾಡಿ. ಯಂತ್ರದಲ್ಲಿರುವ ಬ್ರೇಕರ್ ಪದೇ ಪದೇ ಬಿದ್ದರೆ ಅದನ್ನು ಕಡ್ಡಿ ಸಿಕ್ಕಿಸಿ ನಿಲ್ಲಿಸುವವರಿದ್ದಾರೆ. ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತುವವರಿದ್ದಾರೆ. ಇದು ಕಾವಲುಗಾರನ ಕೈಕಾಲು ಕಟ್ಟಿ ಮಲಗಿದ ಹಾಗೆ.

ಹಚ್ಚುವ ಕ್ರಮವೂ ಮುಖ್ಯ. ಮೊದಲು ಯಾವ ಉಪಕರಣವನ್ನೂ ಜೋಡಿಸದೆ ಯಂತ್ರ ಶುರು ಮಾಡಿ, ಎರಡು-ಮೂರು ನಿಮಿಷ ಓಡಲಿ. ನಂತರ ಎಲ್ಲಕ್ಕಿಂತ ದೊಡ್ಡ ಮೋಟಾರು, ಅಂದರೆ ಫ್ರಿಜ್. ಅದು ನೆಲೆಗೊಂಡ ಮೇಲೆ ಫ್ಯಾನ್, ಕೊನೆಗೆ ದೀಪ ಮತ್ತು ಟಿವಿ. ಬಂದ್ ಮಾಡುವಾಗ ಮೊದಲು ಉಪಕರಣಗಳನ್ನು ತೆಗೆದು, ಯಂತ್ರವನ್ನು ಒಂದೆರಡು ನಿಮಿಷ ಹಗುರಾಗಿ ಓಡಿಸಿ ನಿಲ್ಲಿಸಿ.

ಮದುವೆಯ ಶಾಮಿಯಾನದಲ್ಲಿ

ನಮ್ಮ ಕಡೆ ಜನರೇಟರಿಗೆ ಅತಿ ಹೆಚ್ಚು ಹೊರೆ ಬೀಳುವುದು ಮದುವೆ ಮತ್ತು ವಲೀಮಾದ ರಾತ್ರಿಗಳಲ್ಲಿ. 5 ಕೆ.ವಿ.ಎ. ಯಂತ್ರ ತಂದಿದ್ದಾರೆ ಎಂದಿಟ್ಟುಕೊಳ್ಳಿ. ನಡೆಸಬಹುದಾದದ್ದು ಸುಮಾರು 3200 ವ್ಯಾಟ್. 500 ವ್ಯಾಟಿನ ನಾಲ್ಕು ಹ್ಯಾಲೋಜನ್ ದೀಪಕ್ಕೆ 2000, ನಾಲ್ಕು ದೊಡ್ಡ ಫ್ಯಾನಿಗೆ 600, ಮೈಕಿನ ಸೆಟ್ಟಿಗೆ 500. ಇಲ್ಲಿಗೇ 3100 ಮುಗಿಯಿತು. ಅಷ್ಟರಲ್ಲಿ ಯಾರೋ ಚಹಾಕ್ಕೆಂದು ಕೆಟಲ್ ಹಚ್ಚುತ್ತಾರೆ. ವಧುವಿನ ಕೋಣೆಯಲ್ಲಿ ಕೂದಲು ಒಣಗಿಸುವ ಯಂತ್ರ ಶುರುವಾಗುತ್ತದೆ. ಕ್ಷಣದಲ್ಲಿ ಎಲ್ಲ ಕತ್ತಲೆ, ಮಕ್ಕಳ ಕಿರುಚಾಟ. ಇದಕ್ಕೆ ಪರಿಹಾರ ಇನ್ನೂ ದೊಡ್ಡ ಯಂತ್ರ ತರುವುದಲ್ಲ. 500 ವ್ಯಾಟಿನ ಹ್ಯಾಲೋಜನ್ ಕೊಡುವಷ್ಟೇ ಬೆಳಕನ್ನು 100 ವ್ಯಾಟಿನ ಎಲ್‌ಇಡಿ ದೀಪ ಕೊಡುತ್ತದೆ. ನಾಲ್ಕನ್ನು ಬದಲಿಸಿದರೆ 1600 ವ್ಯಾಟ್ ಉಳಿಯಿತು. ಇಸ್ರಾಫ್ ಬೇಡವೆಂದು ನಾವು ಅನ್ನದ ವಿಷಯದಲ್ಲಿ ಹೇಳುತ್ತೇವೆ, ಬೆಳಕಿನ ವಿಷಯದಲ್ಲೇಕೆ ಮರೆಯುತ್ತೇವೆ?

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಗಂಡಸರ ಪಂದಲಿಗೆ ಸದ್ದು ಕೇಳಬಾರದೆಂದು ಜನರೇಟರನ್ನು ಒಯ್ದು ಹೆಂಗಸರ ಕನಾತಿನ ಹಿಂದೆ ಇಡುವುದು ಹಲವೆಡೆ ರೂಢಿಯಾಗಿದೆ. ನಾಲ್ಕೂ ಕಡೆ ಬಟ್ಟೆ ಕಟ್ಟಿ ಗಾಳಿಯಾಡದಂತೆ ಮಾಡಿದ ಜಾಗ ಅದು. ಒಳಗೆ ಕೂಸುಗಳು, ಗರ್ಭಿಣಿಯರು. ಹೊಗೆಯ ಕೊಳವೆಯ ಬಾಯಿ ಆ ಬಟ್ಟೆಯ ಕಡೆಗೇ! ಪರ್ದಾ ನಮ್ಮ ಮರ್ಯಾದೆಗಾಗಿ ಇರುವುದು, ಉಸಿರುಗಟ್ಟಲು ಅಲ್ಲ. ಯಂತ್ರವನ್ನು ದೂರ ಇಡಿರೆಂದು ಕೇಳುವುದು ಹೆಂಗಸರ ಹಕ್ಕು, ದೂರ ಇಡುವುದು ಮನೆಯ ಯಜಮಾನನ ಹೊಣೆ.

ವಾಸನೆಯಿಲ್ಲದ ಶತ್ರು

ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಒಯ್ಯುತ್ತದಷ್ಟೆ. ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೇವೆ, ದೇಹಕ್ಕೆ ಪ್ರಾಣವಾಯು ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು. ಆಮೇಲೆ ಮಂಪರು. ಮಲಗಿದವರಿಗೆ ಇದಾವುದೂ ತಿಳಿಯುವುದಿಲ್ಲ, ಅವರು ಏಳುವುದೇ ಇಲ್ಲ. ಗರ್ಭದಲ್ಲಿರುವ ಶಿಶುವಿಗೆ ತಾಯಿಗಿಂತಲೂ ಹೆಚ್ಚು ಅಪಾಯ. ಹೊರೆ ಮಿತಿ ಮೀರಿದಾಗ ಇಂಧನ ಅರೆಬರೆ ಉರಿದು ಈ ವಿಷ ಇನ್ನೂ ಹೆಚ್ಚುತ್ತದೆ.

ಇದು ದೂರದ ಮಾತಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ವಡಗರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನ್ ವಾಹನದೊಳಗೆ ಇಬ್ಬರು ಸತ್ತುಬಿದ್ದಿದ್ದರು. ಎ.ಸಿ.ಗಾಗಿ ಓಡಿಸಿದ ಜನರೇಟರಿನ ವಿಷಾನಿಲ ವಾಹನದೊಳಕ್ಕೆ ನುಗ್ಗಿತ್ತೆಂದು ಕ್ಯಾಲಿಕಟ್ ಎನ್.ಐ.ಟಿ. ತಜ್ಞರ ಪರೀಕ್ಷೆಯಲ್ಲಿ ತಿಳಿಯಿತು. 2025ರ ನವೆಂಬರ್‌ನಲ್ಲಿ ನಮ್ಮ ಬೆಳಗಾವಿಯ ಅಮನ್ ನಗರದಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸಿ ಮಲಗಿದ್ದ ನಾಲ್ವರು ಯುವಕರಲ್ಲಿ ಮೂವರು ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಅಲ್ಲಿ ಜನರೇಟರ್ ಇರಲಿಲ್ಲ, ಆದರೆ ಮುಚ್ಚಿದ ಕೋಣೆಯ ಕೆಂಡವೂ ಇದೇ ವಿಷವನ್ನು ಉಗುಳುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ 2020ರ ಆಗಸ್ಟ್‌ನ ಲಾರಾ ಚಂಡಮಾರುತ ಹಾದುಹೋದ ಬಳಿಕ ಜನರೇಟರಿನ ವಿಷಾನಿಲಕ್ಕೆ ಹಲವರು ಬಲಿಯಾದರು. ಗಾಳಿ ಮಳೆಯಿಂದ ಉಳಿದವರನ್ನು ಬೆಳಕಿಗಾಗಿ ತಂದ ಯಂತ್ರ ಕೊಂದಿತು.

ಆದ್ದರಿಂದ ಜನರೇಟರ್ ಮನೆಯೊಳಗೆ ಬೇಡ. ಪಡಸಾಲೆಯಲ್ಲಿ ಬೇಡ, ಕಟ್ಟಿಗೆ ಕೋಣೆಯಲ್ಲಿ ಬೇಡ, ಮೆಟ್ಟಿಲ ಕೆಳಗೆ ಬೇಡ, ಅರ್ಧ ಶಟರ್ ಇಳಿಸಿದ ಅಂಗಡಿಯಲ್ಲಿ ಬೇಡ. ಕಿಟಕಿ ತೆರೆದಿದ್ದೇವೆ, ಫ್ಯಾನ್ ಹಾಕಿದ್ದೇವೆ ಎಂಬುದು ಸಾಲದು. ಬಾಗಿಲು ಕಿಟಕಿಗಳಿಂದ ಕನಿಷ್ಠ 20 ಅಡಿ ದೂರ, ಬಯಲಲ್ಲಿ, ಹೊಗೆಯ ಬಾಯಿ ಮನೆಯ ಕಡೆಗೂ ನೆರೆಯವರ ಕಡೆಗೂ ಇಲ್ಲದಂತೆ ಇರಬೇಕು. ನಮಗೆ ತಗಲದ ಹೊಗೆ ಪಕ್ಕದ ಮನೆಯ ಕೂಸಿಗೆ ತಗಲಿದರೆ ಅದು ಹಕ್ಕುಲ್ ಇಬಾದ್‌ನ ವಿಷಯ. ಯಾರಿಗೂ ಹಾನಿ ಮಾಡಬಾರದೆಂಬುದು ಫಿಕ್ಹ್‌ನ ಬುನಾದಿ ನಿಯಮಗಳಲ್ಲೊಂದು. ಕಿಕ್ಕಿರಿದ ಓಣಿಯಲ್ಲಿ 20 ಅಡಿ ಸಿಗದಿದ್ದರೆ ಅಲ್ಲಿ ಜನರೇಟರಿಗೆ ಜಾಗವಿಲ್ಲ ಎಂದೇ ಅರ್ಥ. ಅಲ್ಲಿಗೆ ಇನ್ವರ್ಟರ್, ಚಾರ್ಜಿನ ದೀಪ, ಚಾರ್ಜಿನ ಫ್ಯಾನ್ ಸಾಕು.

ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಊಟದ ದೋಷವೆಂದು ಮಲಗಿಸಬೇಡಿ. ಎಲ್ಲರನ್ನೂ ಮೊದಲು ಬಯಲಿಗೆ ತನ್ನಿ. 108ಕ್ಕೆ ಕರೆ ಮಾಡಿ. ವೈದ್ಯರಿಗೆ ಜನರೇಟರ್ ಓಡುತ್ತಿತ್ತೆಂದು ತಪ್ಪದೆ ಹೇಳಿ. ಕೊರೋನಾ ಕಾಲದಲ್ಲಿ ಕೊಂಡ, ಬೆರಳಿಗೆ ಹಚ್ಚುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸದು. ರೋಗಿ ಸಾಯುವ ಸ್ಥಿತಿಯಲ್ಲಿದ್ದರೂ ಅದು 98, 99 ಎಂದು ತೋರಿಸಬಹುದು. ಅದನ್ನು ನಂಬಿ ಕೂರಬೇಡಿ.

ತಂತಿಯ ಆ ತುದಿಯಲ್ಲಿ ಒಬ್ಬನಿದ್ದಾನೆ

ಎರಡೂ ತುದಿಗೆ ಗಂಡು ಪ್ಲಗ್ಗು ಇರುವ ತಂತಿ ಮಾಡಿ, ಜನರೇಟರಿನ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಇಡೀ ಮನೆಗೆ ಬೆಳಕು ಬರುತ್ತದೆ. ಸುಲಭವೆನಿಸುತ್ತದೆ, ಆದರೆ ಇದಕ್ಕಿಂತ ಅಪಾಯದ ಕೆಲಸ ಬೇರಿಲ್ಲ. ಆ ಕರೆಂಟ್ ಮೀಟರಿನ ಮೂಲಕ ಹಿಮ್ಮುಖವಾಗಿ ಬೀದಿಯ ತಂತಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸಬಲ್ಲದು. ಲೈನ್ ಬಂದ್ ಇದೆಯೆಂದು ನಂಬಿ ಕಂಬ ಹತ್ತಿದ ಜೆಸ್ಕಾಂನ ಲೈನ್‌ಮನ್ ನಮ್ಮ ಮನೆಯ ದೀಪಕ್ಕಾಗಿ ಪ್ರಾಣ ಬಿಡಬೇಕಾಗುತ್ತದೆ. ಆತನಿಗೂ ಮನೆಯಿದೆ, ಕಾಯುವ ಮಕ್ಕಳಿದ್ದಾರೆ. ಇತ್ತ ಸಾಕೆಟ್ಟಿನಿಂದ ಕಳಚಿದ ಪ್ಲಗ್ಗಿನ ಪಿನ್ನುಗಳಲ್ಲಿ ಕರೆಂಟ್ ಹರಿಯುತ್ತಿರುತ್ತದೆ, ಅಂಬೆಗಾಲಿಡುವ ಮಗು ಹಿಡಿದರೆ ಮುಗಿಯಿತು. ಕರೆಂಟ್ ಮರಳಿದಾಗ ಎರಡೂ ಡಿಕ್ಕಿ ಹೊಡೆದು ಜನರೇಟರ್ ಸುಡುತ್ತದೆ.

ಮನೆಯ ವೈರಿಂಗಿಗೆ ಜೋಡಿಸಲೇಬೇಕೆಂದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಚೇಂಜ್ ಓವರ್ ಸ್ವಿಚ್ ಹಾಕಿಸಿ, ಅರ್ಥಿಂಗ್ ಮಾಡಿಸಿ. ಇಲ್ಲವಾದರೆ ಯಂತ್ರದಿಂದ ನೇರವಾಗಿ ಉಪಕರಣಕ್ಕೆ ದಪ್ಪ, ಗಟ್ಟಿ ತಂತಿ ಎಳೆಯಿರಿ. ತಂತಿಯನ್ನು ಸುರುಳಿಯಲ್ಲೇ ಬಿಟ್ಟರೆ ಅದು ಕಾಯ್ದು ಕರಗುತ್ತದೆ, ಪೂರ್ತಿ ಬಿಚ್ಚಿ ಹಾಸಿ. ಚಾಪೆಯ ಕೆಳಗೆ, ಬಾಗಿಲ ಸಂದಿನಲ್ಲಿ ಹಾಯಿಸಬೇಡಿ. ಒದ್ದೆ ಕೈಯಲ್ಲಿ, ವುಝೂ ಮಾಡಿದ ಕೂಡಲೇ ಮುಟ್ಟಬೇಡಿ. ಮಳೆ ಬಂದರೆ ಯಂತ್ರದ ಮೇಲೆ ನಾಲ್ಕೂ ಬದಿ ತೆರೆದ ಚಪ್ಪರವಿರಲಿ, ತಾಡಪತ್ರಿ ಹೊದಿಸಬೇಡಿ.

ಬೆಂಕಿಯ ಭಯ

ರಾತ್ರಿ ಮಲಗುವ ಮುನ್ನ ದೀಪ ಆರಿಸಿ ಎಂದು ಪ್ರವಾದಿ(ಸ)ರು ಆಜ್ಞಾಪಿಸಿದ್ದರು. ಮದೀನಾದಲ್ಲಿ ಒಂದು ಮನೆ ರಾತ್ರಿ ಹೊತ್ತು ಮನೆಮಂದಿಯ ಸಮೇತ ಸುಟ್ಟುಹೋದಾಗ, ಬೆಂಕಿಯನ್ನು ಶತ್ರುವೆಂದೇ ತಿಳಿಯಬೇಕೆಂದು ಎಚ್ಚರಿಸಿದ್ದು ಸಹೀಹ್ ಹದೀಸ್‌ಗಳಲ್ಲಿದೆ. ಇಲಿಯೊಂದು ಬತ್ತಿಯನ್ನು ಎಳೆದೊಯ್ದು ಮನೆ ಸುಟ್ಟೀತೆಂಬಷ್ಟು ಸಣ್ಣ ವಿವರವನ್ನೂ ಅವರು ಬಿಡಲಿಲ್ಲ. ಒಂದು ಬತ್ತಿಯ ಬಗ್ಗೆ ಇಷ್ಟು ಎಚ್ಚರವಾದರೆ, ಲೀಟರುಗಟ್ಟಲೆ ಪೆಟ್ರೋಲ್ ಹೊತ್ತ ಯಂತ್ರವನ್ನು ಓಡಿಸುತ್ತಾ ನಿದ್ದೆ ಹೋಗುವುದು ಎಷ್ಟು ಸರಿ? ಎಲ್ಲರೂ ಮಲಗುವ ಮುನ್ನ ಜನರೇಟರ್ ನಿಲ್ಲಲಿ.

ಓಡುವ ಯಂತ್ರಕ್ಕೆ ಪೆಟ್ರೋಲ್ ಸುರಿಯಬೇಡಿ. ನಿಲ್ಲಿಸಿ, ಕಾಲು ಗಂಟೆ ತಣ್ಣಗಾಗಲು ಬಿಟ್ಟು ಸುರಿಯಿರಿ. ಕಂಠಪೂರ್ತಿ ತುಂಬಿಸಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಒಲೆಯನ್ನೋ, ಊದುಬತ್ತಿಯನ್ನೋ, ಲೋಬಾನದ ಕೆಂಡವನ್ನೋ ಮುಟ್ಟುತ್ತದೆ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತಂದು ಅಡುಗೆಮನೆಯ ಮೂಲೆಯಲ್ಲಿಡುವ ರೂಢಿ ಬಿಡಿ, ಮಕ್ಕಳು ಕುಡಿದಾರು. ಬೆಂಕಿ ಹತ್ತಿದರೆ ನೀರು ಸುರಿಯಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಒಂದು ಬಕೆಟ್ ಒಣ ಮರಳು ಪಕ್ಕದಲ್ಲೇ ಇರಲಿ. ಅಗ್ನಿಶಾಮಕ ದಳಕ್ಕೆ 101 ಅಥವಾ 112. ದುಪಟ್ಟಾ, ಬುರ್ಖಾದ ಅಂಚು, ಸೀರೆಯ ಸೆರಗು ಬಿಗಿದುಕೊಂಡೇ ಯಂತ್ರದ ಹತ್ತಿರ ಹೋಗಿ. ಅದರ ಸೈಲೆನ್ಸರ್ ಕೆಂಡದಂತೆ ಕಾದಿರುತ್ತದೆ.

ಸಹೋದರಿಯರೇ, ಒಂದು ಸಣ್ಣ ಕೆಲಸ ಮಾಡಿ. ಮನೆಯಲ್ಲಿರುವ ಪ್ರತಿಯೊಂದು ಉಪಕರಣದ ಹಿಂದಿನ ಪಟ್ಟಿಯಲ್ಲಿ ವ್ಯಾಟ್ ಎಷ್ಟಿದೆ ಎಂದು ಓದಿ ಒಂದು ಕಾಗದದಲ್ಲಿ ಬರೆಯಿರಿ. ಶಾಲೆಗೆ ಹೋಗುವ ಮಗಳಿಂದ ಕೂಡಿಸಿ. ಕೆಳಗೆ ಜನರೇಟರಿನ ಶಕ್ತಿಯನ್ನು ಬರೆದು, ಅದರ ಐದರಲ್ಲಿ ನಾಲ್ಕು ಪಾಲಿಗೆ ಗೆರೆ ಎಳೆಯಿರಿ. ಯಾವುದು ಹಚ್ಚಬೇಕು, ಯಾವುದು ಬೇಡ ಎಂಬುದನ್ನು ಕತ್ತಲಾಗುವ ಮೊದಲೇ ಮನೆಮಂದಿ ಕೂಡಿ ತೀರ್ಮಾನಿಸಿ. 1912 ವಿದ್ಯುತ್ ದೂರಿನ ಸಂಖ್ಯೆ, ಅದನ್ನೂ ಬರೆದಿಡಿ. ಕಾಗದವನ್ನು ಮೀಟರಿನ ಪಕ್ಕ ಅಂಟಿಸಿ.

ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂಬುದು ನಮಗೆ ಸಿಕ್ಕಿರುವ ಬೋಧನೆ. ತಕ್ದೀರಿನ ಹೆಸರಿನಲ್ಲಿ ಅಜಾಗ್ರತೆಯನ್ನು ಮುಚ್ಚಿಡಲಾಗದು. ಜೀವ ಅಲ್ಲಾಹನು ಕೊಟ್ಟ ಅಮಾನತ್. ಎರಡು ಗಂಟೆಯ ಸೆಖೆ ಸಹಿಸಬಹುದು, ಎರಡು ಗಂಟೆಯ ಕತ್ತಲೆಯನ್ನೂ ಸಹಿಸಬಹುದು. ಹೋದ ಜೀವ ಮಾತ್ರ ಕರೆಂಟ್ ಬಂದ ಮೇಲೂ ಮರಳುವುದಿಲ್ಲ. ಅಲ್ಲಾಹನು ನಮ್ಮೆಲ್ಲರ ಮನೆಗಳನ್ನು ಬೆಂಕಿಯಿಂದಲೂ ಆಕಸ್ಮಿಕ ಆಪತ್ತುಗಳಿಂದಲೂ ಕಾಪಾಡಲಿ. ಆಮೀನ್.